ಕಪಾಟಿನೊಳಗಿನ ಗಂಡಸರು

ಹೆದರಿಸುವ ಸಿನಿಮಾ ಹಾಕಿದರೆ ಜನ ಹೆದರುತ್ತಾರೆ ಎಂದು ನಂಬಿದವರು ಒಮ್ಮೆ ನಮ್ಮೂರು ಸೀತಾಂಗೋಳಿಗೆ ಬರಬೇಕು. ಇಲ್ಲಿ ಪ್ರತಿ ಸಲ ಬೇರೆಯೇ ಏನಾದರೂ ಆಗುತ್ತದೆ.

ಇಂಥ ಸಿನಿಮಾ ನೋಡುವ ಗಂಡಸರು ಮನಸ್ಸಿನಲ್ಲಿ ಯಾರಾಗಿರುತ್ತಾರೆ, ಅಟ್ಟಿಸಿಕೊಂಡು ಬರುವವನೋ, ಓಡುವ ಹೆಂಗಸೋ? ಇದು ನನ್ನ ಸಂಶೋಧನೆಯ ವಿಷಯ. ಹೆಂಗಸೇ ಎಂದು ನನ್ನ ವಾದ.

"ಗಂಡಸು ಯಾವತ್ತೂ ಗಂಡಸಿನ ಪಕ್ಷವೇ. ಪುರಾವೆ ತನ್ನಿ, ಇಲ್ಲದಿದ್ದರೆ ವಿಷಯ ಬದಲಿಸಿ" ಎಂದರು ನನ್ನ ಮಾರ್ಗದರ್ಶಕರಾದ ಸಾರ್.

ಬದಲಿಸುವ ಉದ್ದೇಶ ನನಗಿರಲಿಲ್ಲ. ವಾಚನಾಲಯದ ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿ, ಭಾನುವಾರ ಮಧ್ಯಾಹ್ನಗಳಲ್ಲಿ ಪ್ರದರ್ಶನ ಶುರು ಮಾಡಿದೆ.

ವಿಚಾರಣೆ

ಪರದೆಯ ಮೇಲೆ ಹೆಣ್ಣುಭೂತದ ಗೆಜ್ಜೆ ಸದ್ದಾದದ್ದೇ, ಎದುರು ಸಾಲಿನ ಅಜ್ಜರೊಬ್ಬರು ಚಪ್ಪಲಿ ಕಳಚಿ ಎದ್ದು ನಿಂತರು. ಭೂತಕೋಲ ನೋಡಿ ಬೆಳೆದವರು. ಭೂತ ಬಂದರೆ ಓಡುವ ಕ್ರಮವಿಲ್ಲ, ವಿಚಾರಿಸುವ ಕ್ರಮ. ಕೈಮುಗಿದು, "ಎಂತ ತಪ್ಪಾಗಿದೆ? ಅಪ್ಪಣೆಯಾಗಲಿ" ಎಂದರು.

ಭೂತ ಕಿರುಚಿತು.

"ಸಿಟ್ಟು ಉಂಟು" ಎಂದು ಕುಳಿತರು.

"ಹೆದರಿಕೆ ಆಗ್ಲಿಲ್ವಾ ಅಜ್ಜ?"

"ಎಂತಕ್ಕೆ? ಹೆದರಬೇಕಾದ್ದು ಅವಳನ್ನು ಕೊಂದವರು. ನಾನು ಅವಳ ಕಡೆ."

ಮಾರ್ಗದರ್ಶಕರು ಕೇಳಿ, "ಇದು ಭಕ್ತಿ. ಪುರಾವೆ ಅಲ್ಲ" ಎಂದರು.

ಸೆರಗು

ಮುಂದಿನ ವಾರ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವವರೊಬ್ಬರು ಗೆಳೆಯನ ಜೊತೆ ಬಂದರು. ಪರದೆಯ ಮೇಲೆ ನಾಯಕಿಯ ಕೋಣೆಯ ಬಾಗಿಲು ಕಿರುಗುಟ್ಟಿ ತೆರೆಯಿತು, ಹೊಸ್ತಿಲಲ್ಲಿ ಕೊಲೆಗಾರ. ಇವರು ಶರ್ಟಿನ ಮೇಲೆ ಇಲ್ಲದ ಸೆರಗನ್ನು ಎಳೆದು ಹೊದ್ದುಕೊಂಡರು.

"ಎಂತ ಮಾರಾಯ, ಚಳಿಯಾ?" ಎಂದ ಗೆಳೆಯ.

"ಸುಮ್ನಿರು. ಅವನು ನೋಡ್ತಾನೆ."

ಗೆದ್ದೆ ಎಂದುಕೊಂಡು ಹೋಗಿ ಹೇಳಿದೆ. "ಅದು ಅಭ್ಯಾಸಬಲ" ಎಂದರು ಮಾರ್ಗದರ್ಶಕರು.

ಅವನು

ಉಳಿದದ್ದು ಒಂದೇ ದಾರಿ. ಮಾರ್ಗದರ್ಶಕರನ್ನೇ ಕಾಸರಗೋಡಿನಿಂದ ಕರೆಸಿ ಎದುರು ಸಾಲಿನಲ್ಲಿ ಕೂರಿಸಿದೆ.

ಕತ್ತಿ ಹಿಡಿದ ಗಂಡ ಮನೆಯಿಡೀ ಹುಡುಕುತ್ತಿದ್ದಾನೆ. ಹೆಂಡತಿ ಕಪಾಟಿನೊಳಗೆ ಬಾಯಿಗೆ ಕೈ ಒತ್ತಿಕೊಂಡು ಕುಳಿತಿದ್ದಾಳೆ. ಸಾರ್ ಕೂಡ ಬಾಯಿಗೆ ಕೈ ಒತ್ತಿಕೊಂಡಿದ್ದರು. ಅಷ್ಟರಲ್ಲಿ ಅವರ ಮೊಬೈಲ್ ಬಡಿದುಕೊಂಡಿತು. ಎತ್ತಿ ಪಿಸುಗುಟ್ಟಿದರು: "ಇಡು ಮಾರಾಯ್ತಿ! ನಾವು ಕಪಾಟಿನೊಳಗೆ ಇದ್ದೇವೆ. ಅವನಿಗೆ ಕೇಳ್ತದೆ!"

ಮರುಕ್ಷಣ ನನ್ನ ಮೊಬೈಲ್. ಸಾರ್ ಅವರ ಹೆಂಡತಿ.

"ಕಪಾಟಿನಲ್ಲಿ ಇವರ ಜೊತೆ ಯಾರಿರುವುದು? ಅವನು ಅಂದ್ರೆ ಯಾರು?"

ಸಂಶೋಧನೆ ಮಾಡುವವರು ಸುಳ್ಳು ಹೇಳಬಾರದು. "ಒಬ್ಬಳು ಹೆಂಗಸು. ಅವನು ಅವಳ ಗಂಡ" ಎಂದೆ.

ಮರುದಿನವೇ ವಿಷಯಕ್ಕೆ ಒಪ್ಪಿಗೆ ಸಿಕ್ಕಿತು. ಷರತ್ತು ಒಂದೇ: ಆ ಸಿನಿಮಾವನ್ನು ಸಾರ್ ಅವರ ಮನೆಯಲ್ಲೂ ತೋರಿಸಬೇಕು, ಕಪಾಟಿನ ದೃಶ್ಯ ಎರಡು ಸಲ.