ಡಿಡಿಟಿಯ ವಾಸನೆಯೂ ಬೇಲಿಯಾಚೆಯ ಸೊಸೆಯೂ

ತೆರೆದ ಬಾಯಿ ಮುಚ್ಚಲಿಕ್ಕಾಗದಂಥದ್ದು ನಮ್ಮ ಪೆರಾಬೆಯಲ್ಲಿ ತಿಂಗಳಿಗೆ ಒಂದಾದರೂ ಆಗುದೇ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಕಣ್ಣು ಕಿವಿಗೆ ಕ್ಲಾಸು ಬೇಡವಲ್ಲ? ಇದು ಮಲೇರಿಯಾ ಓಡಿಸಲಿಕ್ಕೆಂದು ಸರಕಾರದವರು ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಯುತ್ತಿದ್ದ ಕಾಲದ್ದು. ನಡೆದದ್ದು ನಮ್ಮ ಬೇಲಿಯಾಚೆಯ ಮನೆಯಲ್ಲಿ.

ವಾಂತಿ

ಆ ಮನೆಗೆ ಜಾಲ್ಸೂರಿನಿಂದ ಸೊಸೆ ಬಂದು ಆರು ತಿಂಗಳಾಗಿತ್ತು. ಪಂಪಿನವರು ಮದ್ದು ಹೊಡೆದು ಹೋದ ಸಂಜೆಯೇ ಹುಡುಗಿಗೆ ತಲೆನೋವು, ಬೆಳಿಗ್ಗೆ ವಾಂತಿ.

"ಅತ್ತೆ, ಆ ಗೋಡೆಯ ವಾಸನೆ ನನಗೆ ಆಗುದಿಲ್ಲ" ಅಂದಳು.

ಅತ್ತೆಯ ಮುಖ ಅರಳಿತು. ಬೇಲಿಯ ಹತ್ತಿರ ಬಂದು, "ವಾಸನೆಯಂತೆ! ನಾಚಿಕೆಗೆ ಹಾಗೆ ಹೇಳುದು" ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನನ್ನ ಕಿವಿಗೆ ಬಿದ್ದ ಮೇಲೆ ಊರಿಗೆ ಬೇರೆ ಹೇಳಬೇಕಾ? ಸಂಜೆಯೊಳಗೆ ನಾಲ್ಕು ಮನೆಯಿಂದ ಮಿಡಿ ಉಪ್ಪಿನಕಾಯಿ ಬಂತು. ಐದನೇ ದಿನ ನೋಡಿದರೆ, ಅಯ್ಯೋ ದೇವರೇ, ಸೊಸೆ ಹೊರಗಿನ ಜಗಲಿಯಲ್ಲಿ ಬೇರೆ ಚಾಪೆ ಹಾಕಿ ಮೂರು ದಿನಕ್ಕೆ ಕೂತಿದ್ದಾಳೆ! ಕೊಟ್ಟ ಉಪ್ಪಿನಕಾಯಿ ವಾಪಸು ಕೇಳುದು ಹೇಗೆ ಅಂತ ನಾಲ್ಕೂ ಮನೆಯವರು ನನ್ನನ್ನೇ ಕೇಳಿದರು.

ಇಬ್ಬರು ಡಾಕ್ಟ್ರು

ಆದರೂ ತಲೆನೋವು ಬಿಡಲಿಲ್ಲ, ಡಾಕ್ಟ್ರಿಗೆ ತೋರಿಸಿದರು. ಪುತ್ತೂರಿನ ಹಳೇ ಡಾಕ್ಟ್ರು ನಾಡಿ ಹಿಡಿದು, "ಅಷ್ಟು ಚೂರು ಮದ್ದು ಮನುಷ್ಯರಿಗೆ ಎಂತದೂ ಮಾಡುದಿಲ್ಲ. ಕಾಯಿಲೆ ಇರುದು ಮನಸ್ಸಿನಲ್ಲಿ" ಅಂದರು. ಅತ್ತೆಗೆ ಅಷ್ಟೇ ಸಾಕಾಯಿತು. "ನಾಟಕ! ನನಗೆ ಆಗದ್ದು ಇವಳಿಗೆ ಎಂತಕ್ಕೆ ಆಗುದು?"

ಆದರೆ ಸುಳ್ಯಕ್ಕೆ ಹೊಸದಾಗಿ ಬಂದ ಇನ್ನೊಬ್ಬರದ್ದು ಬೇರೆಯೇ ಮಾತು. "ದೇಹ ಅಂದರೆ ಒಂದು ಕೊಡಪಾನ. ಚಿಮಿಣಿ ಎಣ್ಣೆ, ನುಸಿ ಗುಳಿಗೆ, ಬಸ್ಸಿನ ಹೊಗೆ, ಎಲ್ಲ ಹನಿಹನಿಯಾಗಿ ತುಂಬುದು. ಡಿಡಿಟಿ ಬಿದ್ದಾಗ ಉಕ್ಕಿತು. ಇನ್ನು ಎಂಥ ವಾಸನೆಯೂ ಹತ್ತಿರ ಬೇಡ." ನಾನೂ ಜೊತೆಗೆ ಹೋಗಿದ್ದೆ, ಬಿಡುವವಳಾ? ಅವರು ಹೇಳಿ ಮುಗಿಸಲಿಲ್ಲ, ಹುಡುಗಿ ಸೆರಗಿನಿಂದ ಮೂಗು ಮುಚ್ಚಿ ಹೊರಗೆ ಓಡಿದಳು.

"ಎಂತಾಯಿತು ಮಾರಾಯ್ತಿ?"

"ಡಾಕ್ಟ್ರ ತಲೆಯ ಎಣ್ಣೆ, ಅಕ್ಕಾ!"

ಉಳಿದ ಪಥ್ಯವನ್ನೆಲ್ಲ ಅವರು ಕಿಟಕಿಯಿಂದ ಕೂಗಿ ಹೇಳಬೇಕಾಯಿತು.

ಪರೀಕ್ಷೆ

ಅಷ್ಟರಲ್ಲಿ ಸೊಸೆ ಮದ್ದು ಹೊಡೆಯದ ಸೌದೆ ಕೊಟ್ಟಿಗೆಯಲ್ಲಿ ಮಲಗಲಿಕ್ಕೆ ಸುರು ಮಾಡಿದ್ದಳು. ಮರ್ಯಾದಸ್ಥರ ಮನೆಯ ಸೊಸೆ, ಸೌದೆಯ ಮಧ್ಯೆ! ಅತ್ತೆ ಕೊನೆಯ ಮಾತು ಹೇಳಿಯೇ ಬಿಟ್ಟರು: "ಮುಂದಿನ ಸಲ ಮದ್ದು ಹೊಡೆಯುವಾಗ ತಲೆನೋವು ಅಂದರೆ ಜಾಲ್ಸೂರಿನ ಬಸ್ಸು ಹತ್ತು. ಕರೆಯಲಿಕ್ಕೆ ಯಾರೂ ಬರುದಿಲ್ಲ." ಗಂಡ ಅನ್ನಿಸಿಕೊಂಡವನು ಅಮ್ಮನ ಮುಂದೆ ತುಟಿ ಬಿಚ್ಚಿದವನಲ್ಲ. ಹುಡುಗಿ ಅತ್ತು ಅತ್ತು ಕಡ್ಡಿಯಾದಳು.

ಆ ದಿನ ಬಂತು. ತೀರ್ಪು ಹೇಳಲಿಕ್ಕೆ ಪುತ್ತೂರಿನ ಡಾಕ್ಟ್ರನ್ನೇ ಕರೆಸಿದ್ದರು. ಅವರು ಸೊಸೆಯ ಎದುರೇ ಕುರ್ಚಿ ಹಾಕಿ ಕೂತು, "ಇವತ್ತಿನ ಮದ್ದು ಎರಡು ಪಾಲು ಖಾರ" ಅಂತ ಗಟ್ಟಿಯಾಗಿ ಹೇಳಿದರು. ಪಂಪು ಚುಯ್ಯೆಂದಿತು. ಹುಡುಗಿ ಗೋಡೆಯನ್ನು ಒಮ್ಮೆ ಮೂಸಿದಳು, ಇನ್ನೊಮ್ಮೆ ಮೂಸಿದಳು.

"ಇವತ್ತು ವಾಸನೆಯೇ ಇಲ್ಲ" ಅಂತ ಹರಿವೆ ಸೊಪ್ಪು ಬಿಡಿಸಲಿಕ್ಕೆ ಕೂತಳು.

ಡಾಕ್ಟ್ರ ಮುಖ ಸಣ್ಣದಾಯಿತು. ಆಗಲೇ ಒಳಗಿನಿಂದ ಧಡ್ ಅಂತ ಶಬ್ದ! ಓಡಿ ನೋಡಿದರೆ ಅತ್ತೆ ನೆಲದಲ್ಲಿ ಅಡ್ಡ ಬಿದ್ದಿದ್ದಾರೆ. "ಎದೆ ಉರಿಯುತ್ತದೆ, ಕಣ್ಣು ಕಾಣುದಿಲ್ಲ, ಆ ಮದ್ದು ನಿಲ್ಲಿಸಿ ಮಾರಾಯ್ರೆ!" ಸುಳ್ಳು ಎಂತಕ್ಕೆ ಹೇಳಲಿ, ನನ್ನ ಗಂಟಲೂ ಸ್ವಲ್ಪ ಕೆರೆಯುತ್ತಿತ್ತು.

ಡಾಕ್ಟ್ರು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. "ಅಮ್ಮಾ, ಸೊಸೆಯ ನಾಟಕ ಹಿಡಿಯುವ ಅಂತ ನಾನೇ ಪಂಪಿನವನಿಗೆ ಗುಟ್ಟಾಗಿ ಹೇಳಿದ್ದು. ಅದರಲ್ಲಿ ಮದ್ದೇ ಇಲ್ಲ. ಇರುದು ನಿಮ್ಮ ಬಾವಿಯ ನೀರು."

ಉರಿಯುತ್ತಿದ್ದ ಎದೆ ಅಲ್ಲಿಗೇ ತಣ್ಣಗಾಯಿತು. ಮಗನಿಗೆ ಆಗ ಎಲ್ಲಿಂದ ಬಂತೋ ಬಾಯಿ: "ಇವಳು ಎಲ್ಲಿಗೂ ಹೋಗುದಿಲ್ಲ!"

ಮಾರನೇ ದಿನ ಬೆಳಿಗ್ಗೆ ಕಡಬದ ಜೀಪಿಗೆ ಟ್ರಂಕು ಹತ್ತಿತು. ಟ್ರಂಕಿನ ಹಿಂದೆ ಹತ್ತಿದ್ದು ಅತ್ತೆ! ಮೊಮ್ಮಕ್ಕಳನ್ನು ಕಾಣುವ ಪ್ರಾಯದಲ್ಲಿ ತವರಿಗೆ! ನಾನು ಸುಮ್ಮನೆ ಬಿಡುದುಂಟಾ? "ಎಂತ ದೊಡ್ಡಮ್ಮ, ಇದ್ದಕ್ಕಿದ್ದ ಹಾಗೆ ಹೊರಟದ್ದು?" ಅಂತ ಕೇಳಿದೆ.

ಮೂವತ್ತು ವರ್ಷ ಅದೇ ಮನೆಯಲ್ಲಿ ಉಂಡು ಕುಡಿದವರು, ಕಣ್ಣು ಮಿಟುಕಿಸದೆ ಹೇಳಿದರು:

"ಎಂತ ಮಾಡುದು? ಆ ಬಾವಿಯ ನೀರು ನನಗೆ ಆಗುದಿಲ್ಲ."