ಹೆಸರು ಕೆತ್ತಲು ಜಾಗವಿಲ್ಲದ ದಾನ

ದಾನ ಮಾಡಿ ಹೆಸರು ಬೇಡ ಎನ್ನುವ ಪುಣ್ಯಾತ್ಮರಿದ್ದಾರೆ ಎಂದು ಪುರಾಣ ಹೇಳುವವರ ಬಾಯಿಂದ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಅಂಥವರು ಹುಟ್ಟಿಲ್ಲ, ಸೊಸೆಯಾಗಿಯೂ ಬಂದಿಲ್ಲ. ಮದುವೆಯಾಗಿ ಶಹಾಪುರಕ್ಕೆ ಬರುವಾಗ ತವರಿನಿಂದ ತಂದ ಕೊಡದ ಮೇಲೆ ನನ್ನ ಹೆಸರಿದೆ. ಅದು ಗೋಡೆಯ ಕಡೆ ತಿರುಗಿದ್ದರೆ ಈಗಲೂ ಹೋಗಿ ಸರಿಮಾಡಿಯೇ ಬರುತ್ತೇನೆ. ದೇವರು ನನ್ನ ಹಣೆಗೆ ಸುಖ ಸಂಸಾರ ಬರೆದಿದ್ದಾನೆ, ಎರಡು ಹೊತ್ತಿನ ಊಟ ಬರೆದಿದ್ದಾನೆ. ವಿನಯ ಬರೆಯುವಷ್ಟರಲ್ಲಿ ಮಸಿ ತೀರಿರಬೇಕು.

ತೀರಿಹೋದ ಮಾವನವರ ಹೆಸರಿನಲ್ಲಿ ನಮ್ಮದೊಂದು ಟ್ರಸ್ಟ್ ಇದೆ. ಅಧ್ಯಕ್ಷರು ನಮ್ಮ ಮನೆಯವರು. ಸದಸ್ಯರು ಇಬ್ಬರು ಮೈದುನರು ಮತ್ತು ನಾನು. ನನ್ನ ಕೆಲಸ ಸಹಿ ಹಾಕುವುದು, ಮಿರ್ಚಿ ಭಜಿ ಕರಿಯುವುದು. ವರ್ಷಕ್ಕೊಮ್ಮೆ ಮಾವನವರ ಪುಣ್ಯತಿಥಿಯ ದಿನ ಸಭೆ. ಅಂದೇ ಯಾವುದಾದರೂ ಶಾಲೆಗೆ ಸ್ಟೀಲಿನ ತಾಟುಗಳ ದಾನ. ತಾಟಿನ ನಟ್ಟನಡುವೆ ಮಾವನವರ ಹೆಸರು. ಮಕ್ಕಳು ಅನ್ನ ಸಾರು ಉಣ್ಣುತ್ತ ಹೋದಂತೆ ಮಾವನವರು ಸ್ವಲ್ಪ ಸ್ವಲ್ಪವೇ ದರ್ಶನ ಕೊಡುತ್ತಾರೆ. ನಮ್ಮ ಓಣಿಯ ಶಾಲೆಯ ಹೆಡ್‌ಮಾಸ್ತರರು ಹೋದ ಸಲ ಕೈಮುಗಿದು, "ಸಾಕ್ರೀ ಅಮ್ಮಾರೆ, ಮಕ್ಕಳಿಗಿಂತ ತಾಟ ಹೆಚ್ಚಾಗ್ಯಾವ" ಅಂದಿದ್ದರು.

ಆ ಶಾಲೆಯಲ್ಲಿ ಬಿಸಿಯೂಟ ಮಾಡುವ ಮಲ್ಲಮ್ಮ ಒಂದು ದಿನ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಭಾಗ್ಯಳಿಗೆ ಆರು ವರ್ಷ, ಕಿವಿ ಮಂದ. ಎರಡೂ ಕಿವಿಗೆ ಯಂತ್ರ ಬೇಕು, ತಡಮಾಡಿದಷ್ಟೂ ಮಾತು ಹಿಂದೆ ಬೀಳುತ್ತದೆ ಎಂದು ಯಾದಗಿರಿಯ ಡಾಕ್ಟರು ಹೇಳಿದ್ದರಂತೆ. ನಾನು ಅಧ್ಯಕ್ಷರ ಮುಂದೆ ವಿಷಯ ಇಟ್ಟೆ.

"ನಮ್ಮದು ತಾಟ ಕೊಡೂ ಟ್ರಸ್ಟ್. ಅಪ್ಪನ ತಿಥಿ ಬರಲಿ, ಸಭಾದಾಗ ಮಾತಾಡೋಣು" ಅಂದರು.

"ತಿಥಿಗೆ ಇನ್ನೂ ಏಳು ತಿಂಗಳ ಅದರಿ."

"ಮತ್ತೇನ್ ಮಾಡಲಿ? ಇನ್ನೊಮ್ಮೆ ಸಾಯಿ ಅಂತ ಅಪ್ಪಗ ಹೇಳ್ಲೇನು?"

ಅಂದೇ ದೇವರ ಮುಂದೆ ಊದಿನಕಡ್ಡಿ ಹಚ್ಚಿ ನಿಶ್ಚಯ ಮಾಡಿದೆ: ಈ ಕೂಸಿಗೆ ಕಿವಿ ಕೇಳಿಸಿಯೇ ಬಿಡುವುದು, ಟ್ರಸ್ಟ್ ಇರಲಿ ಬಿಡಲಿ.

ಸೋಮವಾರದ ಭಜನೆಗೆ ನಾವು ಹದಿನಾಲ್ಕು ಹೆಂಗಸರು ಸೇರುತ್ತೇವೆ. ಅವರೊಳಗಿನ ಶೋಭಾ ಟೀಚರಿಗೆ ಫೋನಿನ ವಿದ್ಯೆಯೆಲ್ಲ ಗೊತ್ತು. "ದಿನಾ ರೊಟ್ಟಿ ಬಡಿಯೂ ಮುಂದ ದಾಸೋಹಕ್ಕಂತ ಒಂದ್ ಮುಷ್ಟಿ ಜೋಳ ತೆಗೆದಿಡ್ತೀವಲ್ರಿ, ಇದೂ ಹಂಗ. ನಾವೂ ಹಾಕೂದು, ಊರೂರಿನ ಮಂದಿನೂ ಫೋನಿನ್ಯಾಗ ಮುಷ್ಟಿ ಹಾಕ್ತಾರ" ಎಂದು ತಿಳಿಸಿ ಹೇಳಿದರು. ಎಲ್ಲರೂ ತಲೆ ಆಡಿಸಿದೆವು. ಮುಂದಿನ ಸೋಮವಾರ ಒಂಬತ್ತು ಮಂದಿ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದರು. ಎಲ್ಲರಿಗಿಂತ ಹಿರಿಯರಾದ ಗಂಗವ್ವತ್ತಿ ಟೀಚರಿಗೆ, "ನೀನ ಅಲ್ಲೇನ ಮುಷ್ಟಿ ಅಂದಾಕಿ? ಈಗ ಫೋನಿನ್ಯಾಗ ಹ್ಯಾಂಗ ತುರಕ್ತಿ ತುರಕು!" ಎಂದು ಗಂಟು ಬಿಚ್ಚಿದರು. ಆ ಜೋಳ ಮಾರಿ ಬಂದದ್ದೇ ನಮ್ಮ ಮೊದಲ ಕಾಣಿಕೆ.

ಆಮೇಲೆ ಫೋನಿನಲ್ಲಿ ಊರೂರಿನವರ ಹತ್ತಿರ ರೊಕ್ಕ ಕೇಳಲು ಫೋಟೋ ಬೇಕಾಯಿತು. ಕೂಸು ಸಪ್ಪಗೆ ಕಂಡರೆ ಮಂದಿಗೆ ಕರುಳು ಚುರ್ ಎನ್ನುತ್ತದೆ ಎಂದರು ಟೀಚರು. ಭಾಗ್ಯಳೋ, ಫೋನು ಎತ್ತಿದರೆ ಸಾಕು, ಬಿದ್ದ ಹಲ್ಲಿನ ಸಂದಿ ತೋರಿಸಿ ನಗುತ್ತಾಳೆ. ಮಲ್ಲಮ್ಮ ಗಟ್ಟಿಯಾಗಿ, "ನಗೂ ಫೋಟೋನ ಹಾಕ್ರಿ ಅಕ್ಕಾರೆ. ನನ್ನ ಮಗಳು ಭಿಕ್ಷಾ ಬೇಡಾಕತ್ತಿಲ್ಲ, ಶಾಲಿಗೆ ಹೊಂಟಾಳ" ಅಂದಳು. ಅದನ್ನೇ ಹಾಕಿದೆವು. ಎಲ್ಲೆಲ್ಲಿಯವರೋ, ನಮ್ಮ ಊರಿನ ಹೆಸರನ್ನೇ ಕೇಳದವರು, ಕೊಡತೊಡಗಿದರು. ಕೊಟ್ಟವರಲ್ಲಿ ನನ್ನ ಮೈದುನರಿಬ್ಬರೂ ಇದ್ದರು!

ಇದು ಗೊತ್ತಾದ ದಿನ ನಮ್ಮ ಮನೆಯವರು ಎರಡು ರೊಟ್ಟಿ ಕಡಿಮೆ ಉಂಡರು. ಸುರಪುರದಲ್ಲಿರುವ ಸಣ್ಣ ಮೈದುನನಿಗೆ ಫೋನು ಹಚ್ಚಿ ಜಗಳ ತೆಗೆದರೆ ಅವನು, "ಅಣ್ಣಾ, ಇಲ್ಲಿ ತಿಥಿ ಕಾಯೂದ ಬ್ಯಾಡ ನೋಡು" ಅಂದುಬಿಟ್ಟ. ಕಡೆಗೆ ಇವರು ನನ್ನ ಹತ್ತಿರ ಬಂದು, "ಕಡಿಮಿ ಬಿದ್ದದ್ದು ಟ್ರಸ್ಟ್ ಕೊಡ್ತದ. ಆದ್ರ ಅಪ್ಪನ ಹೆಸರು?" ಎಂದು ಗಂಟಲು ಸರಿಮಾಡಿಕೊಂಡರು. ನಾನು ಒಂದು ಬೆಳ್ಳುಳ್ಳಿ ಎಸಳು ಅವರ ಅಂಗೈಯಲ್ಲಿಟ್ಟು, "ಯಂತ್ರ ಇಷ್ಟ ಅದರಿ. ಎಲ್ಲಿ ಕೆತ್ತಿಸ್ತೀರಿ, ತೋರಸ್ರಿ" ಅಂದೆ. ಅವರು ಎಸಳನ್ನು ಅತ್ತಿತ್ತ ಹೊರಳಿಸಿ ನೋಡಿ, ನನ್ನ ಬುಟ್ಟಿಗೇ ವಾಪಸು ಹಾಕಿ ಹೋದರು.

ಟ್ರಸ್ಟಿನ ಹಂಗಿಲ್ಲದೆಯೇ ಯಂತ್ರ ಬಂತು. ಅದನ್ನು ಹಾಕಿದ ದಿನ ಭಾಗ್ಯ ನಮ್ಮ ಮನೆಯ ಕುಕ್ಕರಿನ ಸೀಟಿಗೆ ಬೆಚ್ಚಿ, ಇನ್ನೊಮ್ಮೆ ಹೊಡೆಯಲಿ ಎಂದು ಒಲೆಯ ಮುಂದೆಯೇ ಕೂತಳು. ನನ್ನ ಕಣ್ಣು ತುಂಬಿತು. ಜತೆಗೆ, ಸುಳ್ಳೇಕೆ ಹೇಳಲಿ, ತಾಟಿನ ಟ್ರಸ್ಟನ್ನು ಸೋಲಿಸಿದೆ ಎಂಬ ಸೊಕ್ಕೂ ತಲೆಗೇರಿತು.

ಸೊಕ್ಕು ಹನ್ನೆರಡು ದಿನ ಬಾಳಿತು. ಹದಿಮೂರನೆಯ ದಿನ ಯಂತ್ರದ ಸೆಲ್ಲು ತೀರಿತು. ಹೊಸದು ಹಾಕಿಸಿದೆವು, ಅದೂ ತೀರಿತು. ಫೋನಿನ ಮಂದಿ ಅಷ್ಟರಲ್ಲಿ ಇನ್ನೊಂದು ಕೂಸಿನ ಕಡೆ ಹೋಗಿದ್ದರು. ತಪ್ಪೇನಿಲ್ಲ, ಆ ಕೂಸಿಗೂ ಕಷ್ಟವೇ. ನಮ್ಮ ಹದಿನಾಲ್ಕರಲ್ಲಿ ಒಬ್ಬಳು ಮಗಳ ಬಾಣಂತನಕ್ಕೆ ಹೋಗಿದ್ದಳು, ಇನ್ನೊಬ್ಬಳ ಮನೆಯಲ್ಲಿ ಮದುವೆ. ಒಂದು ವಾರ ಸೆಲ್ಲಿಲ್ಲದೆ ಭಾಗ್ಯ ಮತ್ತೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಳೆಂದು ಮಲ್ಲಮ್ಮ ಬಂದು ಹೇಳಿದಳು. ಬೇಡವೆಂದರೂ ವರ್ಷ ವರ್ಷ ತಪ್ಪದೆ ತಾಟು ಕೊಡುವ ಹಟದ ಬೆಲೆ ಆಗ ತಿಳಿಯಿತು.

"ರೀ, ನಿಮ್ಮ ಟ್ರಸ್ಟ್ ತಾಟಿನ ಬದ್ಲಿ ಸೆಲ್ ಕೊಡಲಿ. ಆಕಿ ಹತ್ತನೇ ಕ್ಲಾಸ್ ಮುಗಸೂತನ."

"ಕಡೀಕ ನನ್ನ ಹಂತ್ಯಾಕ ಬರಬೇಕಾತಲ್ಲ?"

"ಬಂದೀನಲ್ಲ, ಸಭಾ ಕರೀರಿ."

ತಿಥಿಯಲ್ಲದ ದಿನ ಸೇರಿದ ಮೊದಲ ಸಭೆ ಅದು. ಮೂವರ ಸಹಿ ಬೀಳುವ ತನಕ ನಾನು ಎಣ್ಣೆ ಕಾಯಿಸಲಿಲ್ಲ. ಹೆಸರಿನ ಮಾತು ಯಾರೂ ಎತ್ತಲಿಲ್ಲ. ಈಗ ನಮ್ಮ ಮನೆಯವರೇ ಯಾದಗಿರಿಗೆ ಹೋಗಿ ಸೆಲ್ಲು ತಂದು, "ಅಪ್ಪನ ಸೆಲ್ಲು ತಂದೀನಿ" ಎಂದು ಮಲ್ಲಮ್ಮನ ಬಾಗಿಲಲ್ಲಿ ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ. ಕೂಗಲಿ. ಕೂಸಿಗೆ ಅದೂ ಕೇಳಿಸುತ್ತದಲ್ಲ, ಶಿವನೇ, ಅಷ್ಟು ಸಾಕು.

ಹೋದ ಸೋಮವಾರ ಭಾಗ್ಯ ಅವ್ವನ ಜತೆ ಭಜನೆಗೆ ಬಂದು ಮುಂದೆಯೇ ಕೂತಳು. ಗಂಗವ್ವತ್ತಿ ಹಾಡುವಾಗ ಚಪ್ಪಾಳೆ ತಟ್ಟಿದಳು. ನನ್ನ ಸರದಿ ಬಂದಾಗ ನಾನು ಕಣ್ಣು ಮುಚ್ಚಿ, ಇದ್ದಬದ್ದ ಭಕ್ತಿಯನ್ನೆಲ್ಲ ಹಾಕಿ ಒಂದು ಪದ ಹಾಡಿದೆ. ಕಣ್ಣು ತೆರೆದು ನೋಡಿದರೆ ಎರಡೂ ಯಂತ್ರ ಅವಳ ಅಂಗೈಯಲ್ಲಿ.

ಮಲ್ಲಮ್ಮ ನಾಚಿ, "ಯಾಕವ್ವಾ ತಗದಿ?" ಎಂದು ಅವಸರದಿಂದ ಒಂದನ್ನು ಕಿವಿಗೆ ಸಿಕ್ಕಿಸಿದಳು.

ಭಾಗ್ಯ ನನ್ನನ್ನೇ ನೋಡುತ್ತ, ಹೊಸದಾಗಿ ಕಲಿತ ಮಾತನ್ನು ತಡೆದು ತಡೆದು ಹೇಳಿದಳು: "ಸೆಲ್ ಉಳಸಾಕತ್ತೀನಿ."

ಟ್ರಸ್ಟಿನ ಸದಸ್ಯೆಯಾಗಿ ಅದಕ್ಕೆ ನಾನು ಒಪ್ಪಲೇಬೇಕಾಯಿತು.