ಒಂದು ಸುಳ್ಳಿಗೆ ಒಂದು ಕಾಫಿ

ಸುಳ್ಳು ಹೇಳಿ ಹಣ ಮಾಡಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಯಾವುದು ಪೂರ್ತಿ ಸುಳ್ಳು, ಯಾವುದು ಅರ್ಧ ಸುಳ್ಳು ಎಂದು ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿ, ಗಿರಾಕಿಯ ಒಪ್ಪಿಗೆ ಪಡೆದು, ಆಮೇಲೆ ಸುಳ್ಳು ಹೇಳುವವರು ನಾನು ಕಂಡಂತೆ ಒಬ್ಬರೇ. ಅವರು ನನ್ನ ಅತ್ತೆ, ಅಪ್ಪನ ಅಕ್ಕ.

ನೀವು ಅವರನ್ನು ನೋಡಿರಲಿಕ್ಕಿಲ್ಲ, ಆದರೆ ಖಂಡಿತ ಕೇಳಿರುತ್ತೀರಿ. ಬಂಟ್ವಾಳದಲ್ಲೋ ಮೂಡುಬಿದಿರೆಯಲ್ಲೋ ನೀವು ಹೋಟೆಲಿನಲ್ಲಿ ಕುಳಿತು ಗೋಳಿಬಜೆ ಮುರಿಯುತ್ತಿರುವಾಗ, ಹೊರಗೆ ರಿಕ್ಷಾದ ನೆತ್ತಿಯ ಮೇಲಿನ ಮೈಕಿನಿಂದ ‘ಆತ್ಮೀಯ ಬಂಧುಗಳೇ’ ಎಂದು ಬೆಲ್ಲದ ಪಾಕದಂಥ ದನಿ ಕೇಳಿಸಿದರೆ ಅದು ಅತ್ತೆ! ಎದುರಿಗೆ ಕಂಡರೆ ನೀವು ನಂಬಲಾರಿರಿ. ಅವರು ಮನೆಯಲ್ಲಿ ತುಳುವಿನಲ್ಲಿ ಬೈಯಲು ತೊಡಗಿದರೆ ಹಿತ್ತಲಿನ ಕಾಗೆಗಳು ಎದ್ದು ಪಕ್ಕದ ಮನೆಗೆ ಹೋಗುತ್ತವೆ. ಎರಡೂ ಒಂದೇ ಗಂಟಲಿನಿಂದ ಹೇಗೆ ಹೊರಡುತ್ತವೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವರ ಸ್ಟುಡಿಯೊ ಎಂದರೆ ಮಲಗುವ ಕೋಣೆಯ ಮರದ ಕಪಾಟು. ಬಾಗಿಲು ತೆರೆದು, ತೂಗುಹಾಕಿದ ಸೀರೆಗಳ ನಡುವೆ ತಲೆ ತೂರಿಸಿ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಹೇಳುತ್ತಾರೆ. ಸೀರೆಗಳು ಹೊರಗಿನ ಸದ್ದನ್ನು ಕುಡಿದುಬಿಡುತ್ತವೆ ಎಂಬುದು ಅವರ ಸಂಶೋಧನೆ. ಹೊರಗಿನಿಂದ ನೋಡಿದವರಿಗೆ ಮಾತ್ರ ವಯಸ್ಸಾದ ಹೆಂಗಸೊಬ್ಬರು ಕಪಾಟಿಗೆ ಬುದ್ಧಿ ಹೇಳುತ್ತಿರುವಂತೆ ಕಾಣಿಸುತ್ತದೆ.

ಗೊಂದಲವೆಲ್ಲ ಶುರುವಾಗುವುದು ಅವರ ದರದಿಂದ. ಕೆಲವು ವರ್ಷಗಳ ಹಿಂದೆ ಚಾತುರ್ಮಾಸಕ್ಕೆ ಮೂಡುಬಿದಿರೆಗೆ ಬಂದಿದ್ದ ಮುನಿಗಳ ಪ್ರವಚನ ಕೇಳಿ, ಅತ್ತೆ ಅಲ್ಲಿಯೇ ಎದ್ದುನಿಂತು ಇನ್ನು ಸುಳ್ಳು ಹೇಳುವುದಿಲ್ಲವೆಂದು ವ್ರತ ತೆಗೆದುಕೊಂಡರು. ಮನೆಗೆ ಬಂದು ಕಾಲು ತೊಳೆಯುವಾಗ ತಮ್ಮ ಕಸುಬು ಯಾವುದೆಂದು ನೆನಪಾಯಿತು! ಜಾಹೀರಾತು ಹೇಳುವವರು ಸುಳ್ಳು ಬಿಟ್ಟರೆ ಉಣ್ಣುವುದೇನು? ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡರು. ಒಂದು ಸುಳ್ಳಿಗೆ ಪ್ರಾಯಶ್ಚಿತ್ತವಾಗಿ ಸಂಜೆ ನಾಲ್ಕರ ಒಂದು ಕಾಫಿ ಬಿಡುವುದು. ಅರ್ಧ ಸುಳ್ಳಿಗೆ ಸಕ್ಕರೆ ಇಲ್ಲದ ಕಾಫಿ ಕುಡಿಯುವುದು. ಈ ಕಷ್ಟಕ್ಕೆ ಕಾರಣನಾದ ಗಿರಾಕಿ, ದನಿಗೆಂದು ಕೊಡುವ ಐನೂರು ರೂಪಾಯಿಯ ಜೊತೆಗೆ ಸುಳ್ಳೊಂದಕ್ಕೆ ನೂರರಂತೆ ಕೊಡಬೇಕು. ನಿಜಕ್ಕೆ ಬೇರೆ ದುಡ್ಡಿಲ್ಲ. ಇದಕ್ಕೆ ಮುನಿಗಳ ಒಪ್ಪಿಗೆ ಕೇಳಿದಿರಾ ಎಂದೆ.

“ಅವರಿಗೆ ಕಾಫಿಯ ಅಭ್ಯಾಸ ಇಲ್ಲ. ಬಿಡುವ ಕಷ್ಟ ಅವರಿಗೆ ಹೇಗೆ ಗೊತ್ತಾಗ್ತದೆ?” ಎಂದರು ಅತ್ತೆ.

ಆಗ ನಾನು ಮೂಡುಬಿದಿರೆಯಲ್ಲಿ ಅತ್ತೆಯ ಮನೆಯಲ್ಲಿಯೇ ಇದ್ದೆ. ವಿಟ್ಲದಲ್ಲಿ ಇಟ್ಟಿದ್ದ ಜೆರಾಕ್ಸ್ ಅಂಗಡಿ ಮುಚ್ಚಿತ್ತು. ಅದಾದ ಮೇಲೆ ಬಂಟ್ವಾಳದಲ್ಲಿ ತೆರೆದ ಕಂಪ್ಯೂಟರ್ ಕ್ಲಾಸೂ ಮುಚ್ಚಿತ್ತು. ಅಪ್ಪ ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿಗೆ ಕೇಳಿಸುವ ಹಾಗೆ, ‘ಹಿಡಿದ ಕೆಲಸ ಬಿಡುವುದರಲ್ಲಿ ನನ್ನ ಮಗನನ್ನು ಮೀರಿಸಿದವರಿಲ್ಲ’ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹಾಗಾಗಿ ಅತ್ತೆಯ ಫೋನು ಎತ್ತುವ ಉದ್ಯೋಗ ನನಗೆ ಸಿಕ್ಕಿತು. ಫೋನಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ರೇಟೆಷ್ಟು ಎಂಬುದೇ. ಮಂಗಳೂರಿನ ಸ್ಟುಡಿಯೊದವರು ನಿಮಿಷಕ್ಕಿಷ್ಟು, ಪದಕ್ಕಿಷ್ಟು ಎಂದು ಹೇಳಿ ಮುಗಿಸುತ್ತಾರಂತೆ. ನಾನು ಏನು ಹೇಳಲಿ? “ನೀವು ಎಷ್ಟು ಸುಳ್ಳು ಹೇಳುವವರಿದ್ದೀರಿ?” ಎಂದು ವಿನಯದಿಂದ ಕೇಳುತ್ತಿದ್ದೆ. ಅರ್ಧಕ್ಕರ್ಧ ಜನ ಅಲ್ಲಿಗೇ ಫೋನು ಇಡುತ್ತಿದ್ದರು. ಉಳಿದವರು ಪ್ರಾಮಾಣಿಕವಾಗಿ ಎಣಿಸಲು ತೊಡಗಿ, ಆಮೇಲೆ ಫೋನು ಮಾಡುತ್ತೇವೆ ಎನ್ನುತ್ತಿದ್ದರು.

ಮೆಲ್ಕಾರಿನಲ್ಲಿ ಹಾಸಿಗೆ ಅಂಗಡಿ ತೆರೆದ ಸಾಹೇಬರೊಬ್ಬರು ಬಂದದ್ದು ಮರೆಯುವಂತಿಲ್ಲ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಸಜ್ಜನ. ‘ಮಲಗಿದೊಡನೆ ನಿದ್ದೆ, ಜರ್ಮನ್ ತಂತ್ರಜ್ಞಾನ’ ಎಂದು ಬರೆದು ತಂದಿದ್ದರು. ಹಾಸಿಗೆ ಎಲ್ಲಿ ತಯಾರಾಗುವುದೆಂದು ಅತ್ತೆ ವಿಚಾರಿಸಿದರು. ಇಲ್ಲೇ ಹತ್ತಿರದ ವಾಮದಪದವಿನ ಶೆಡ್ಡಿನಲ್ಲಿ ಎಂದು ಸಾಹೇಬರು ಮೆಲ್ಲನೆ ಹೇಳಿದರು. ಜರ್ಮನಿಯ ಕೆಳಗೆ ಗೆರೆ ಬಿತ್ತು. ನಿದ್ದೆಯದ್ದನ್ನು ಮಾತ್ರ ಪರೀಕ್ಷೆ ಮಾಡದೆ ತೀರ್ಮಾನಿಸಲು ಆಗುವುದಿಲ್ಲವೆಂದು ಅತ್ತೆ ಮರುದಿನ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಮೆಲ್ಕಾರಿಗೆ ಹೋದರು. ಅಂಗಡಿಯ ನಡುವಿನ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದರು. ಸಾಹೇಬರು ಗಡಿಯಾರ ನೋಡಿಕೊಂಡು ನಿಂತರು. ಮೂರು ನಿಮಿಷ ಆಗಿರಲಿಲ್ಲ, ಗೊರಕೆ! ಆಮೇಲೆ ಒಂದೂವರೆ ಗಂಟೆ ಬಂದ ಗಿರಾಕಿಗಳಿಗೆಲ್ಲ ಸಾಹೇಬರು ತುಟಿಯ ಮೇಲೆ ಬೆರಳಿಟ್ಟು ಪಿಸುಮಾತಿನಲ್ಲಿ ವ್ಯಾಪಾರ ಮಾಡಬೇಕಾಯಿತು. ಅತ್ತೆ ಎದ್ದವರೇ ಸೆರಗು ಸರಿಮಾಡಿಕೊಂಡು, ನಿದ್ದೆಗೆ ದುಡ್ಡಿಲ್ಲ, ಜರ್ಮನಿಗೆ ಮಾತ್ರ ನೂರು ಎಂದರು. ಸಾಹೇಬರಿಗೆ ಎಷ್ಟು ಖುಷಿಯಾಯಿತೆಂದರೆ ಜರ್ಮನಿಯನ್ನೇ ತೆಗೆಸಿ ವಾಮದಪದವು ಎಂದು ಹಾಕಿಸಿದರು. ಅಂಗಡಿ ಈಗಲೂ ಚೆನ್ನಾಗಿ ನಡೆಯುತ್ತಿದೆ.

ಎಲ್ಲವೂ ಇಷ್ಟು ಸುಲಭವಾಗಿ ತೀರ್ಮಾನವಾಗುತ್ತಿರಲಿಲ್ಲ. ‘ಶೀಘ್ರದಲ್ಲೇ ಆರಂಭ’ ಎಂದರೆ ಅದು ನಿಜವೋ ಸುಳ್ಳೋ? ಇನ್ನೂ ಏನೂ ಆಗಿಲ್ಲವಲ್ಲ! ಅಂಥದ್ದಕ್ಕೆ ಅತ್ತೆ ಮುಂಗಡ ತೆಗೆದಿಡುತ್ತಿದ್ದರು, ಆರಂಭವಾದರೆ ವಾಪಸು. ಒಂದೇ ಸುಳ್ಳನ್ನು ಮೂರು ಸಲ ಹೇಳಿದರೆ ಒಂದು ಕಾಫಿಯೋ ಮೂರೋ? ಒಂದೇ ಉಸಿರಿನಲ್ಲಿ ಹೇಳಿದರೆ ಒಂದು ಎಂದು ಇತ್ಯರ್ಥವಾಯಿತು. ಒಮ್ಮೆ ಚುನಾವಣೆಗೆ ನಿಂತವರೊಬ್ಬರ ಕಡೆಯವರು ನಾಲ್ಕು ಪುಟ ಬರೆದು ತಂದರು. ಅತ್ತೆ ಮೊದಲ ಪುಟದಲ್ಲಿಯೇ ಪೆನ್ಸಿಲು ಕೆಳಗಿಟ್ಟು, ತನಗೆ ವಯಸ್ಸಾಯಿತು, ಇಷ್ಟು ಕಾಫಿ ಬಿಡುವಷ್ಟು ಆಯುಸ್ಸು ಉಳಿದಿಲ್ಲ ಎಂದು ಕೈಮುಗಿದರು. ಕಾಫಿ ಬಿಟ್ಟ ದಿನ ನಾಲ್ಕರಿಂದ ಆರರವರೆಗೆ ಮನೆಯಲ್ಲಿ ಯಾರೂ ಅವರ ಎದುರಿಗೆ ಸುಳಿಯುತ್ತಿರಲಿಲ್ಲ. ಆದರೆ ಕದ್ದು ಒಂದು ಗುಟುಕು ಕುಡಿದದ್ದನ್ನು ನಾನು ನೋಡಿಲ್ಲ. ನಾನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿಯೇ ಇದ್ದವನು, ನನ್ನ ಮಾತನ್ನು ನಂಬಬಹುದು.

ಇನ್ನು ನನ್ನ ಕಥೆ. ರಿಪೇರಿ ಕೆಲಸ ಕಲಿತು ನಾನು ಬೆಳ್ತಂಗಡಿಯಲ್ಲಿ ಮೂರನೆಯ ಅಂಗಡಿ ತೆರೆದೆ. ಮಿಕ್ಸಿ, ಗ್ರೈಂಡರು, ಫ್ಯಾನು. ಎರಡು ತಿಂಗಳಾದರೂ ಬಂದವರು ವಿಳಾಸ ಕೇಳುವವರೇ. ನಿಜ ಹೇಳುತ್ತೇನೆ, ನನ್ನ ಧೈರ್ಯ ಮುಗಿದಿತ್ತು. ಮುಂದಿನ ತಿಂಗಳು ಕೋಣೆ ಬಿಡುತ್ತೇನೆಂದು ಮಾಲೀಕರಿಗೆ ಹೇಳಿಯೂ ಬಿಟ್ಟಿದ್ದೆ. ಇದನ್ನು ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಮತ್ತೊಂದು ಮದುವೆಯ ಊಟದಲ್ಲಿ ಅಪ್ಪನ ಆ ಮಾತು ಕೇಳಿ ನಗುವ ಶಕ್ತಿ ನನಗೆ ಇರಲಿಲ್ಲ. ಕೊನೆಯ ಪ್ರಯತ್ನವೆಂದು ಒಂದು ಜಾಹೀರಾತು ಬರೆದುಕೊಂಡು ಅತ್ತೆಯ ಹತ್ತಿರ ಹೋದೆ.

ಅತ್ತೆ ಕನ್ನಡಕ ಹಾಕಿಕೊಂಡು ಪೆನ್ಸಿಲು ಹಿಡಿದರು. ‘ಇಪ್ಪತ್ತು ವರ್ಷಗಳ ಅನುಭವ’ ಎಂದರೆ ಯಾರ ಅನುಭವ? ನನಗೆ ಕಲಿಸಿದವರದ್ದು ಎಂದೆ. ಅವರು ಅಂಗಡಿಗೆ ಬರುತ್ತಾರಾ? ಇಲ್ಲ. ಗೆರೆ. ‘ಸುಸಜ್ಜಿತ ಮಳಿಗೆ’? ಒಂದು ಮೇಜು, ಒಂದು ಸ್ಟೂಲು. ಗೆರೆ. ‘ಗ್ರಾಹಕರ ಮೆಚ್ಚುಗೆ’? ಗ್ರಾಹಕರೇ ಇಲ್ಲ, ಗೆರೆ. ತಮ್ಮನ ಮಗನೆಂದು ರಿಯಾಯಿತಿ ಉಂಟಾ ಎಂದರೆ, ಕಾಫಿಗೆ ನೆಂಟರು ಇಷ್ಟರು ಇಲ್ಲವಂತೆ! ಕಿಸೆಯಲ್ಲಿದ್ದದ್ದು ಐನೂರೇ. ಎಲ್ಲ ತೆಗೆದುಹಾಕಿಸಿದ ಮೇಲೆ ಉಳಿದದ್ದು ಇಷ್ಟು: ಬೆಳ್ತಂಗಡಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಮಾಡಿಕೊಡಲಾಗುವುದು, ಭಾನುವಾರ ರಜೆ. ಭಾನುವಾರ ಮಾತ್ರ ರಜೆಯಾ ಎಂದು ಅತ್ತೆ ಕೇಳಿದರು. ನಾನು ಐನೂರನ್ನು ಅವರ ಮುಂದಿಟ್ಟು ಎದ್ದೆ.

ಧ್ವನಿಯನ್ನು ಅವರೇ ಮೊಬೈಲಿನಲ್ಲಿ ನೇರವಾಗಿ ರಿಕ್ಷಾದವರಿಗೆ ಕಳುಹಿಸಿದರು. ಎರಡನೆಯ ದಿನ ಬೆಳಿಗ್ಗೆ ರಿಕ್ಷಾ ನನ್ನ ಅಂಗಡಿಯ ಮುಂದೆ ಮೆಲ್ಲನೆ ಬಂತು. ಮಿಕ್ಸಿ, ಗ್ರೈಂಡರ್, ಫ್ಯಾನ್, ಭಾನುವಾರ ರಜೆ, ಎಲ್ಲ ಸರಿ. ಅದರ ಮೇಲೆ ನಾನು ಬರೆಯದ ಒಂದು ಸಾಲು, ಅದೇ ಬೆಲ್ಲದ ದನಿಯಲ್ಲಿ:

“ರಿಪೇರಿ ಮಾಡುವ ಹುಡುಗ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ.”

ನಾನು ಕಕ್ಕಾಬಿಕ್ಕಿಯಾದೆ. ಮೂವತ್ತೈದು ದಾಟಿದವನನ್ನು ಹುಡುಗ ಎಂದದ್ದು ಅರ್ಧ ಸುಳ್ಳಾದರೂ ಆಗುವುದಿಲ್ಲವೇ? ಉಳಿದದ್ದಂತೂ ಪೂರ್ತಿ ಸುಳ್ಳು! ಇದಕ್ಕೆ ದುಡ್ಡು ಕೊಡುವವರು ಯಾರು? ಅಥವಾ ಅತ್ತೆಗೆ ಬೇರೆ ಯಾರದ್ದೋ ಜಾಹೀರಾತಿನ ಸಾಲು ತಪ್ಪಿ ಬಂತೇ? ಮಧ್ಯಾಹ್ನದೊಳಗೆ ಒಬ್ಬರು ಗ್ರೈಂಡರು ಹೊತ್ತು ತಂದರು. ಹುಡುಗ ಎಲ್ಲಿ ಎಂದು ನನ್ನನ್ನೇ ಕೇಳಿದರು. ಗ್ರೈಂಡರು ಇಳಿಸಿಕೊಂಡು, ಬಾಗಿಲು ಹಾಕಿ, ಸುಳ್ಳಿನ ನೂರು ರೂಪಾಯಿಯನ್ನೂ ಬಸ್ಸಿನ ದುಡ್ಡನ್ನೂ ಸಾಲ ಮಾಡಿ, ಮೂಡುಬಿದಿರೆಯ ಬಸ್ಸು ಹತ್ತಿದೆ.

ತಲುಪುವಾಗ ಸರಿಯಾಗಿ ನಾಲ್ಕು ಗಂಟೆ. ಅತ್ತೆ ಎರಡು ಲೋಟ ಕಾಫಿ ಮಾಡಿ, ಸಕ್ಕರೆ ಡಬ್ಬಿಯ ಜೊತೆಗೆ ಜಗಲಿಗೆ ತಂದರು. ನಾನು ನೂರರ ನೋಟನ್ನು ಮುಂದಿಟ್ಟೆ. ಅವರು ಅದನ್ನು ನೋಡಿ, ಯಾವುದಕ್ಕೆ ಎಂದರು.

“ಆ ಸಾಲಿಗೆ, ಅತ್ತೆ. ಅದು ಸುಳ್ಳು. ಅದನ್ನು ನಂಬಿ ಒಬ್ಬರು ಗ್ರೈಂಡರು ತಂದುಕೊಟ್ಟಿದ್ದಾರೆ. ಮುಂದಿನ ತಿಂಗಳು ಅಂಗಡಿ ಬಿಡ್ತೇನೆ ಅಂತ ನಾನು ಮಾಲೀಕರಿಗೆ ಹೇಳಿ ಆಗಿದೆ.”

ಇದನ್ನು ಹೇಳುವಾಗ ನನಗೆ ಅವರ ಮುಖ ನೋಡಲು ಆಗಲಿಲ್ಲ. ಅತ್ತೆ ನೋಟನ್ನು ಮುಟ್ಟಲಿಲ್ಲ.

“ಹೇಳಿದ್ದಿ. ಬಿಟ್ಟಿದ್ದೀಯಾ?”

“ಇಲ್ಲ.”

“ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದೆ ಎರಡು ವರ್ಷ ಕೂತವನು ನೀನು. ದಿನಾ ಬೆಳಿಗ್ಗೆ ಗುಡಿಸಿ ಬಾಗಿಲು ತೆಗೀತಿದ್ದಿ ಅಂತ ವಿಟ್ಲದವರು ನನಗೆ ಹೇಳಿದ್ದಾರೆ. ಅದಕ್ಕೆ ಬಿಡುವುದು ಅಂತ ಹೇಳ್ತಾರಾ ಮಾರಾಯ? ನಿನ್ನ ಅಪ್ಪನಿಗೆ ಲೆಕ್ಕ ಬರುವುದಿಲ್ಲ.”

ಹಾಗೆಂದು ನೋಟನ್ನು ನನ್ನ ಕಡೆಗೆ ಸರಿಸಿ, ತಮ್ಮ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕಲಕಿ ಎತ್ತಿಕೊಂಡರು. ನಾನು ಆ ಲೋಟವನ್ನೇ ನೋಡುತ್ತಿದ್ದೆ. ವ್ರತ ಹಿಡಿದ ಮೇಲೆ ಒಂದು ದಿನವೂ ತಪ್ಪದ ಹೆಂಗಸು! ಅವರು ನಿಧಾನವಾಗಿ, ಕೊನೆಯ ಗುಟುಕಿನವರೆಗೆ, ಸಕ್ಕರೆ ಹಾಕಿದ ಕಾಫಿಯನ್ನು ಕುಡಿದು ಮುಗಿಸಿದರು. ನನ್ನ ಕಣ್ಣು ತುಂಬಿ ಬಂತು. ಈ ವಯಸ್ಸಿನಲ್ಲಿ ನಾಚಿಕೆ, ಆದರೂ ಬಂತು.

“ನಿನ್ನ ಕಾಫಿ ಆರ್ತದೆ, ಕುಡಿ. ಆಮೇಲೆ ಹೋಗು, ಗ್ರೈಂಡರಿನವರು ಕಾಯ್ತಾ ಇರ್ತಾರೆ,” ಎಂದರು ಅತ್ತೆ.

ಕುಡಿದೆ. ಬಸ್ಸಿಗೆ ಕಾಯುತ್ತಾ ನಿಂತಲ್ಲಿಂದಲೇ ಮಾಲೀಕರಿಗೆ ಫೋನು ಮಾಡಿ, ಕೋಣೆ ಬಿಡುವುದಿಲ್ಲ ಎಂದು ಹೇಳಿದೆ.